ಫೇಡ್ ಆಗಬೇಕಿದ್ದ ಅಕ್ಷರ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯೋದು ಹೇಗೆ

ವೆಬ್ ಪೇಜಲ್ಲಿ ಒಂದು ಸಾಲು ಮೆಲ್ಲಗೆ ಮೂಡಬೇಕು, ಸ್ವಲ್ಪ ಹೊತ್ತು ನಿಲ್ಲಬೇಕು, ಆಮೇಲೆ ನಿಧಾನಕ್ಕೆ ಮಾಯ ಆಗಬೇಕು. ಕೇಳೋಕೆ ಸಣ್ಣ ಕೆಲಸ, ಹತ್ತು ಸಾಲು ಸ್ಕ್ರಿಪ್ಟಲ್ಲಿ ಮುಗಿಯುತ್ತೆ. ಆದ್ರೆ ಕೆಟ್ಟಾಗ ಮಾತ್ರ ಒಂದೊಂದು ಸಲ ಒಂದೊಂದು ಥರ ಕೆಡುತ್ತೆ, ಬಹಳ ಸಲ ಬ್ರೌಸರ್ ಒಂದು ಎರರ್ ಕೂಡ ತೋರಿಸಲ್ಲ, ಸುಮ್ನೆ ಫೇಡ್ ಆಗಲ್ಲ ಅಷ್ಟೇ. ಅದಕ್ಕೇ ಕೋಡಿಂದ ಶುರು ಮಾಡದೆ ಕಣ್ಣಿಗೆ ಏನು ಕಾಣ್ತಿದೆ ಅನ್ನೋದ್ರಿಂದ ಶುರು ಮಾಡೋದು ಒಳ್ಳೇದು.

ಒಳಗೆ ನಡೆಯೋದು ಇಷ್ಟು. ಸಿಎಸ್‌ಎಸ್, ಅಂದ್ರೆ ಪೇಜ್ ಹೇಗೆ ಕಾಣಬೇಕು ಅಂತ ಹೇಳೋ ಭಾಷೆಯಲ್ಲಿ, ಒಪ್ಯಾಸಿಟಿ ಅಂತ ಒಂದು ಪ್ರಾಪರ್ಟಿ ಇದೆ, 0 ಅಂದ್ರೆ ಏನೂ ಕಾಣಲ್ಲ, 1 ಅಂದ್ರೆ ಪೂರ್ತಿ ಕಾಣುತ್ತೆ. ಇದನ್ನ ಸಮಯದ ಜೊತೆ ಬದಲಾಯಿಸೋಕೆ ಜನ ಸಾಮಾನ್ಯವಾಗಿ ಮೂರು ದಾರಿ ಹಿಡೀತಾರೆ: ಸಿಎಸ್‌ಎಸ್‌ನಲ್ಲಿ ಟ್ರಾನ್ಸಿಷನ್ (ಬೆಲೆ, ಅಂದ್ರೆ ಆ ಸಂಖ್ಯೆ, ಇಷ್ಟು ಹೊತ್ತಲ್ಲಿ ನಿಧಾನಕ್ಕೆ ಬದಲಾಗಲಿ ಅನ್ನೋ ನಿಯಮ) ಬರೆದಿಟ್ಟು ಸ್ಕ್ರಿಪ್ಟಿಂದ ಕ್ಲಾಸ್ ಮಾತ್ರ ಸೇರಿಸೋದು, ಸ್ಕ್ರಿಪ್ಟಲ್ಲೇ ಟೈಮರ್ ಇಟ್ಟು ಬೆಲೆಯನ್ನ ಸ್ವಲ್ಪ ಸ್ವಲ್ಪ ಏರಿಸೋದು, ಇಲ್ಲಾಂದ್ರೆ ಜೆಕ್ವೆರಿ ಥರದ ಲೈಬ್ರರಿಗೆ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿಗೆ) ಕೆಲಸ ಒಪ್ಪಿಸೋದು. ನಿಮ್ಮ ಪೇಜಲ್ಲಿ ಯಾವುದಿದೆ ಅಂತ ಮೊದ್ಲು ನೋಡ್ಕೊಳ್ಳಿ. ಎರಡು ದಾರಿ ಒಂದೇ ಎಲಿಮೆಂಟ್ (ಪ್ಯಾರಾಗ್ರಾಫ್ ಥರ ಪೇಜಿನ ಒಂದು ತುಂಡು) ಮೇಲೆ ಕೂತಿದ್ರೆ ತೊಂದರೆ ಅಲ್ಲೇ ಇರೋ ಸಾಧ್ಯತೆ ಜಾಸ್ತಿ.

ಕೈ ಹಾಕೋ ಮುಂಚೆ ಮೂರು ಎಚ್ಚರಿಕೆ. ಫೈಲ್ ಒಂದು ಕಾಪಿ ತೆಗೆದಿಟ್ಕೊಂಡು ಕಾಪಿ ಮೇಲೆ ಪ್ರಯೋಗ ಮಾಡಿ, ಜನ ನೋಡ್ತಿರೋ ಪೇಜ್ ಮೇಲೆ ನೇರವಾಗಿ ಬೇಡ. ಗೊತ್ತಿಲ್ಲದವರು ಕೊಟ್ಟ ಕೋಡನ್ನ ಕನ್ಸೋಲಲ್ಲಿ (ಬ್ರೌಸರ್ ಎರರ್ ತೋರಿಸೋ, ಕೋಡ್ ಓಡಿಸೋ ಜಾಗ) ಪೇಸ್ಟ್ ಮಾಡಬೇಡಿ, ನೀವು ಲಾಗಿನ್ ಆಗಿರೋ ಸೈಟಲ್ಲಿ ಅದು ನಿಮ್ಮ ಹೆಸರಲ್ಲಿ ಏನು ಬೇಕಾದ್ರೂ ಮಾಡಬಹುದು. ಮೂರನೇದು, ಪರೀಕ್ಷೆ ಮಾಡ್ತಾ ಮಾಡ್ತಾ ಅಕ್ಷರ ಜೋರಾಗಿ ಮಿಂಚೋಕೆ ಶುರು ಆದ್ರೆ ತಕ್ಷಣ ಟ್ಯಾಬ್ ಮುಚ್ಚಿ, ಅದರ ಬಗ್ಗೆ ಕೆಳಗೆ ಹೇಳ್ತೀನಿ.

"ಏನೂ ಆಗ್ತಿಲ್ಲ, ಅಕ್ಷರ ಹಾಗೇ ಕೂತಿದೆ"

ಖರ್ಚೇ ಇಲ್ಲದ ಪರೀಕ್ಷೆ ಮೊದ್ಲು: ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿ ಪೇಜನ್ನ ಪೂರ್ತಿ ಹೊಸದಾಗಿ ಲೋಡ್ ಮಾಡಿ. ನೀವು ತಿದ್ದಿದ ಸ್ಕ್ರಿಪ್ಟ್ ಬದಲು ಬ್ರೌಸರ್ ತಾನು ಉಳಿಸಿಟ್ಕೊಂಡ ಹಳೇ ಕಾಪೀನೇ ಕ್ಯಾಶ್‌ನಿಂದ ತೆಗೀತಿರಬಹುದು. ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಟ್ಯಾಬಲ್ಲಿ ಕ್ಯಾಶ್ ಆಫ್ ಮಾಡೋ ಟಿಕ್ ಹಾಕಿಟ್ರೆ ಕೆಲಸ ಮುಗಿಯೋವರೆಗೂ ಈ ಅನುಮಾನ ಬರಲ್ಲ.

ಆಮೇಲೆ ಎಫ್12 ಒತ್ತಿ ಕನ್ಸೋಲ್ ನೋಡಿ. ಕೆಂಪು ಸಾಲು ಇದ್ರೆ ಅದು ನಿಮ್ಮ ಅದೃಷ್ಟ, ಯಾಕಂದ್ರೆ ದೋಷ ತಾನೇ ಹೆಸರು ಹೇಳ್ತಿದೆ. ನಲ್ ಮೇಲೆ ಸ್ಟೈಲ್ ಓದೋಕಾಗಲ್ಲ ಅನ್ನೋ ಅರ್ಥದ ಸಾಲು ಬಂದ್ರೆ ನಿಮ್ಮ ಸ್ಕ್ರಿಪ್ಟ್ ಹುಡುಕಿದ ಎಲಿಮೆಂಟ್ ಸಿಕ್ಕಿಲ್ಲ ಅಂತ. ಅದಕ್ಕೆ ಎರಡೇ ಸಾಮಾನ್ಯ ಕಾರಣ. ಒಂದು, ಐಡಿ ಸ್ಪೆಲ್ಲಿಂಗ್, ಅದರಲ್ಲೂ ದೊಡ್ಡಕ್ಷರ ಚಿಕ್ಕಕ್ಷರದ ವ್ಯತ್ಯಾಸ. ಇನ್ನೊಂದು, ಸ್ಕ್ರಿಪ್ಟ್ ಟ್ಯಾಗ್ ಹೆಡ್ ಭಾಗದಲ್ಲಿದೆ, ಬ್ರೌಸರ್ ಮೇಲಿಂದ ಕೆಳಗೆ ಓದ್ತಾ ಬರುತ್ತೆ, ಸ್ಕ್ರಿಪ್ಟ್ ಓಡೋ ಹೊತ್ತಿಗೆ ನಿಮ್ಮ ಪ್ಯಾರಾಗ್ರಾಫ್ ಇನ್ನೂ ಹುಟ್ಟೇ ಇರಲ್ಲ. ಸ್ಕ್ರಿಪ್ಟ್ ಬೇರೆ ಫೈಲಲ್ಲಿದ್ರೆ ಆ ಟ್ಯಾಗಿಗೆ ಡಿಫರ್ ಸೇರಿಸಿ, ಇಲ್ಲಾಂದ್ರೆ ಬಾಡಿ ಮುಗಿಯೋ ಕಡೆ ಇಡಿ.

ಕೆಂಪು ಸಾಲಲ್ಲಿ ಫೇಡ್ ಇನ್ ಅನ್ನೋದು ಫಂಕ್ಷನ್ ಅಲ್ಲ ಅಂತ ಇದ್ರೆ ಜೆಕ್ವೆರಿಯ ಸ್ಲಿಮ್ ಬಿಲ್ಡ್ ಹಾಕಿರ್ತೀರ, ಅದರಲ್ಲಿ ಎಫೆಕ್ಟ್ ಭಾಗವನ್ನೇ ತೆಗೆದಿರ್ತಾರೆ, ಪೂರ್ತಿ ಬಿಲ್ಡ್ ಹಾಕಿ. ಡಾಲರ್ ಚಿಹ್ನೆ ಫಂಕ್ಷನ್ ಅಲ್ಲ ಅಂತ ಬಂದ್ರೆ, ವರ್ಡ್‌ಪ್ರೆಸ್ ಆಗಿದ್ರೆ ಖಂಡಿತ ಇದನ್ನ ನೋಡಿ: ಅದರ ಜೊತೆ ಬರೋ ಜೆಕ್ವೆರಿ ನೋ ಕಾನ್‌ಫ್ಲಿಕ್ಟ್ ಮೋಡಲ್ಲಿ ಇರುತ್ತೆ, ಡಾಲರ್ ಬದಲು ಜೆಕ್ವೆರಿ ಅಂತ ಪೂರ್ತಿ ಹೆಸರು ಬರೀಬೇಕು.

ಅನ್‌ಡಿಫೈನ್ಡ್ ಮೇಲೆ ಒಪ್ಯಾಸಿಟಿ ಹಾಕೋಕಾಗಲ್ಲ ಅನ್ನೋ ಅರ್ಥದ ಕೆಂಪು ಸಾಲು ಬಂದ್ರೆ ಕ್ವೆರಿ ಸೆಲೆಕ್ಟರ್ ಆಲ್ ಬಳಸಿದೀರಾ ನೋಡಿ. ಅದು ಒಂದು ಎಲಿಮೆಂಟ್ ಕೊಡಲ್ಲ, ಪಟ್ಟಿ ಕೊಡುತ್ತೆ. ಪಟ್ಟಿಗೆ ಸ್ಟೈಲೇ ಇರಲ್ಲ, ಒಂದೊಂದರ ಮೇಲೂ ಲೂಪ್ ಓಡಿಸಬೇಕು. ಎರರ್ ಇಲ್ಲ, ಆದ್ರೂ ಏನೂ ಆಗ್ತಿಲ್ವಾ, ಸ್ಟೈಲ್‌ಶೀಟಲ್ಲಿ ಎಲ್ಲೋ ಒಪ್ಯಾಸಿಟಿ ಪಕ್ಕ ಇಂಪಾರ್ಟೆಂಟ್ ಅಂತ ಬರೆದಿರಬಹುದು, ಅದರ ಮುಂದೆ ಸ್ಕ್ರಿಪ್ಟಿಂದ ಹಾಕಿದ ಇನ್‌ಲೈನ್ ಸ್ಟೈಲ್ ಸೋತುಹೋಗುತ್ತೆ. ಎಲಿಮೆಂಟ್ಸ್ ಟ್ಯಾಬಲ್ಲಿ ನಿಮ್ಮ ಬೆಲೆ ಮೇಲೆ ಗೆರೆ ಎಳೆದು ಹೊಡೆದುಹಾಕಿದ ಹಾಗೆ ಕಂಡ್ರೆ ಇದೇ ಕಾರಣ.

"ಅಕ್ಷರ ಬರ್ತಾನೇ ಇಲ್ಲ, ಜಾಗ ಖಾಲಿ"

ನನ್ನ ಪ್ರಕಾರ ಎಲ್ಲಕ್ಕಿಂತ ಗಂಭೀರ ದೋಷ ಇದು. ಫೇಡ್ ಆಗದಿದ್ರೆ ಅಂದ ಹೋಯ್ತು ಅಷ್ಟೇ, ಅಕ್ಷರವೇ ಕಾಣದಿದ್ರೆ ಓದೋಕೆ ಬಂದವರಿಗೆ ವಿಷಯವೇ ಸಿಗಲಿಲ್ಲ.

ಮೊದ್ಲು ಖಾಲಿ ಜಾಗದ ಮೇಲೆ ಮೌಸ್ ಎಳೆದು ಸೆಲೆಕ್ಟ್ ಮಾಡಿ, ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ ನೋಡಿ. ಪೇಸ್ಟಲ್ಲಿ ಬಂತು ಅಂದ್ರೆ ಅಕ್ಷರ ಅಲ್ಲೇ ಇದೆ, ಒಪ್ಯಾಸಿಟಿ 0ಯಲ್ಲಿ ಸಿಕ್ಕಾಕೊಂಡಿದೆ. ಏನೂ ಬರದೆ ಕೆಳಗಿನ ಸಾಲು ಮೇಲೆ ಬಂದು ಕೂತಿದ್ರೆ ಎಲಿಮೆಂಟಿಗೆ ಜಾಗವೇ ಕೊಡದ ಡಿಸ್‌ಪ್ಲೇ ನನ್ ಆಗಿದೆ. ಈ ಒಂದು ಪರೀಕ್ಷೆಯಲ್ಲೇ ಹುಡುಕಾಟ ಅರ್ಧ ಆಗೋಗುತ್ತೆ.

ಜೆಕ್ವೆರಿ ಬಳಸೋರಿಗೆ ಇಲ್ಲೊಂದು ಗುಂಡಿ ಇದೆ. ಸಿಎಸ್‌ಎಸ್‌ನಲ್ಲಿ ಒಪ್ಯಾಸಿಟಿ 0 ಬರೆದಿಟ್ಟು ಫೇಡ್ ಇನ್ ಕರೆದ್ರೆ ಏನೂ ಆಗಲ್ಲ. ಜೆಕ್ವೆರಿ ಲೆಕ್ಕದಲ್ಲಿ ಪೇಜಲ್ಲಿ ಜಾಗ ತಗೊಂಡಿರೋ ಎಲಿಮೆಂಟ್ ಕಾಣ್ತಾ ಇದೆ ಅಂತಲೇ ಅರ್ಥ, ಕಾಣ್ತಿರೋದನ್ನ ಮತ್ತೆ ಯಾಕೆ ತರಲಿ ಅಂತ ಅದು ಸುಮ್ನಾಗುತ್ತೆ. ಅದಕ್ಕೆ ಡಿಸ್‌ಪ್ಲೇ ನನ್ ಇಂದ ಶುರು ಮಾಡಿ, ಇಲ್ಲಾ ಫೇಡ್ ಟು ಬಳಸಿ.

ಸ್ಕ್ರೋಲ್ ಮಾಡಿದಾಗ ಮೂಡಿ ಬರೋ ಎಫೆಕ್ಟ್ ಆಗಿದ್ರೆ, ಎಲಿಮೆಂಟ್ ಸ್ಕ್ರೀನ್ ಒಳಗೆ ಬಂತಾ ಅಂತ ಕಾಯೋ ಇಂಟರ್‌ಸೆಕ್ಷನ್ ಅಬ್ಸರ್ವರ್‌ನ ಥ್ರೆಶೋಲ್ಡ್ ನೋಡಿ. ಅದನ್ನ 1 ಅಂತ ಇಟ್ಟಿದ್ರೆ ಎಲಿಮೆಂಟ್ ಪೂರ್ತಿ ಸ್ಕ್ರೀನ್ ಒಳಗೆ ಬರಬೇಕು ಅಂತ ಅರ್ಥ, ಉದ್ದದ ಲೇಖನದ ಭಾಗ ಮೊಬೈಲ್ ಸ್ಕ್ರೀನಿಗಿಂತ ಎತ್ತರ ಇದ್ರೆ ಅದು ಯಾವತ್ತೂ ಪೂರ್ತಿ ಒಳಗೆ ಬರಲ್ಲ, ಅಕ್ಷರ ಯಾವತ್ತೂ ಮೂಡಲ್ಲ. ಲ್ಯಾಪ್‌ಟಾಪಲ್ಲಿ ಸರಿ, ಫೋನಲ್ಲಿ ಖಾಲಿ ಅಂತ ದೂರು ಬಂದ್ರೆ ಮೊದ್ಲು ಅನುಮಾನ ಪಡಬೇಕಾದ್ದು ಇದನ್ನ. 0.1 ಥರ ಸಣ್ಣ ಬೆಲೆ ಇಡಿ. ಇನ್ನೊಂದು, ಡಿಸ್‌ಪ್ಲೇ ನನ್ ಆಗಿರೋ ಎಲಿಮೆಂಟನ್ನ ಅಬ್ಸರ್ವರ್ ಎಷ್ಟು ಕಾದರೂ ನೋಡಲ್ಲ, ಯಾಕಂದ್ರೆ ಅದಕ್ಕೆ ಪೇಜಲ್ಲಿ ಆಕಾರವೇ ಇಲ್ಲ.

ಎಲ್ಲಾ ಸರಿ ಇದ್ದೂ ಕೆಲವರಿಗೆ ಮಾತ್ರ ಖಾಲಿ ಕಾಣ್ತಿದ್ರೆ ಅವರ ಕಡೆ ಸ್ಕ್ರಿಪ್ಟೇ ತಲುಪಿಲ್ಲ: ನೆಟ್ ನಿಧಾನ ಇರಬಹುದು, ಬ್ಲಾಕರ್ ತಡೆದಿರಬಹುದು, ಅದಕ್ಕಿಂತ ಮುಂಚೆ ಓಡಿದ ಬೇರೆ ಸ್ಕ್ರಿಪ್ಟ್ ಬಿದ್ದು ನಿಮ್ಮದನ್ನೂ ನಿಲ್ಲಿಸಿರಬಹುದು. ಇದಕ್ಕೆ ನಾನು ಯಾವಾಗ್ಲೂ ಹೇಳೋದು ಒಂದೇ, ಸಿಎಸ್‌ಎಸ್‌ನಲ್ಲಿ ಅಕ್ಷರವನ್ನ ಮುಚ್ಚಿಡಬೇಡಿ. ಸ್ಕ್ರಿಪ್ಟೇ ಓಡಿದ ಕೂಡ್ಲೇ ಎಲ್ಲಕ್ಕಿಂತ ಮೇಲಿನ ಎಚ್‌ಟಿಎಂಎಲ್ ಎಲಿಮೆಂಟಿಗೆ ಒಂದು ಕ್ಲಾಸ್ ಸೇರಿಸಲಿ, ಆ ಕ್ಲಾಸ್ ಇದ್ದಾಗ ಮಾತ್ರ ಒಪ್ಯಾಸಿಟಿ 0 ಆಗಲಿ. ಆಗ ಸ್ಕ್ರಿಪ್ಟ್ ಬರದಿದ್ರೆ ಮುಚ್ಚೋರೂ ಇಲ್ಲ, ಅಕ್ಷರ ಸುಮ್ನೆ ಕಾಣುತ್ತೆ. ಪ್ರಿಂಟ್ ತೆಗೆದಾಗ ಪುಟ ಖಾಲಿ ಬರೋದೂ ಇದೇ ಮೂಲದ್ದು, ಪ್ರಿಂಟ್ ಮೀಡಿಯಾ ನಿಯಮದಲ್ಲಿ ಒಪ್ಯಾಸಿಟಿ 1 ಅಂತ ಬರೆದುಬಿಡಿ.

"ಮೂಡಿ ಬರಲ್ಲ, ಟಪ್ ಅಂತ ಬಂದುಬಿಡುತ್ತೆ"

ಹೆಚ್ಚು ಜನ ಸಿಕ್ಕಾಕೊಳ್ಳೋದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನಕ್ಕೆ ನೋಡೋಣ.

ಸುಲಭದ್ದು ಯೂನಿಟ್. ಟ್ರಾನ್ಸಿಷನ್ ಅವಧಿಯಲ್ಲಿ ಬರೀ 1 ಅಂತ ಬರೆದು ಸೆಕೆಂಡ್ ಅಂತ ಸೂಚಿಸೋ ಅಕ್ಷರ ಬಿಟ್ಟಿದ್ರೆ ಬ್ರೌಸರ್ ಆ ಸಾಲನ್ನೇ ಪೂರ್ತಿ ಬಿಸಾಡುತ್ತೆ. ಉದ್ದ ಅಳೆಯೋ ಬೆಲೆಗಳಲ್ಲಿ 0 ಅಂತ ಯೂನಿಟ್ ಇಲ್ಲದೆ ಬರೆಯಬಹುದು, ಸಮಯದಲ್ಲಿ ಅದೂ ನಡೆಯಲ್ಲ. ಉಲ್ಟಾ ಕೂಡ ಆಗುತ್ತೆ, 500 ಮಿಲಿಸೆಕೆಂಡ್ ಬರೆಯೋ ಕಡೆ 500 ಸೆಕೆಂಡ್ ಬರೆದ್ರೆ ಅಕ್ಷರ ಎಂಟು ನಿಮಿಷಕ್ಕೂ ಜಾಸ್ತಿ ಹೊತ್ತು ಮೂಡ್ತಾ ಇರುತ್ತೆ, ನೋಡೋರಿಗೆ ಏನೂ ಆಗ್ತಿಲ್ಲ ಅಂತಲೇ ಅನ್ಸುತ್ತೆ.

ಎರಡನೇದು, ಎಲ್ಲಿಂದಲೋ ಎತ್ತಿದ ಹಳೇ ಸ್ಕ್ರಿಪ್ಟ್. ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಮತ್ತು ಅದಕ್ಕಿಂತ ಹಳೇದರಲ್ಲಿ ಒಪ್ಯಾಸಿಟಿ ಇರಲಿಲ್ಲ, ಫಿಲ್ಟರ್ ಆಲ್ಫಾ ಅಂತ ಬೇರೆ ದಾರಿ ಇತ್ತು, ಅದರ ಅಳತೆ 0ಯಿಂದ 100. ಆ ಲೂಪನ್ನ ಹಾಗೇ ಇಟ್ಟು ಒಪ್ಯಾಸಿಟಿಗೆ ಹಾಕಿದ್ರೆ ಮೊದಲನೇ ಹೆಜ್ಜೆಯಲ್ಲೇ ಬೆಲೆ 1 ಆಗೋಗುತ್ತೆ, ಉಳಿದ 99 ಹೆಜ್ಜೆ ಕಣ್ಣಿಗೆ ಕಾಣದೆ ಓಡುತ್ತೆ. 100ರಿಂದ ಭಾಗಿಸಿ, ಫಿಲ್ಟರ್ ಸಾಲುಗಳನ್ನ ಧೈರ್ಯವಾಗಿ ಅಳಿಸಿ.

ಮೂರನೇದು ನಿಜವಾದ ಗಂಟು. ಎಲಿಮೆಂಟ್ ಡಿಸ್‌ಪ್ಲೇ ನನ್ ಆಗಿದೆ, ನೀವು ಒಂದೇ ಉಸಿರಲ್ಲಿ ಡಿಸ್‌ಪ್ಲೇ ಬ್ಲಾಕ್ ಮಾಡಿ ಒಪ್ಯಾಸಿಟಿ 1 ಮಾಡ್ತೀರ. ನಿಮ್ಮ ಕಣ್ಣಿಗೆ ಎರಡು ಸಾಲು ಕೋಡ್, ಆದ್ರೆ ಬ್ರೌಸರ್ ಸಾಲು ಸಾಲಿಗೂ ಸ್ಟೈಲ್ ಲೆಕ್ಕ ಹಾಕಲ್ಲ, ಸ್ಕ್ರಿಪ್ಟ್ ಮುಗಿದ ಮೇಲೆ ಒಟ್ಟಿಗೆ ಹಾಕುತ್ತೆ. ಹಾಗಾಗಿ ಅದು ನೋಡಿದ ಮೊದಲ ಬೆಲೆಯೇ 1. ಎಲ್ಲಿಂದ ಹೊರಡಬೇಕು ಅನ್ನೋದು ಗೊತ್ತಿಲ್ಲದಿದ್ರೆ ಟ್ರಾನ್ಸಿಷನ್ ಹೊರಡೋದೇ ಇಲ್ಲ. ಒಪ್ಯಾಸಿಟಿ 0 ಮಾಡಿ ಮುಂದಿನ ಸಾಲಲ್ಲೇ 1 ಮಾಡಿದ್ರೂ ಇದೇ ಕಥೆ. ಪರಿಹಾರ: ಡಿಸ್‌ಪ್ಲೇ ಬ್ಲಾಕ್ ಮಾಡಿ, ಒಪ್ಯಾಸಿಟಿ 0ಯಲ್ಲೇ ಇರಲಿ, ನಡುವೆ ಎಲಿಮೆಂಟ್‌ನ ಆಫ್‌ಸೆಟ್ ಹೈಟನ್ನ ಒಂದು ಸಲ ಓದಿ, ಆಮೇಲೆ 1 ಮಾಡಿ. ಎತ್ತರ ಕೇಳಿದ್ರೆ ಬ್ರೌಸರ್ ಆ ಕ್ಷಣದ ಲೆಕ್ಕ ಹಾಕಲೇಬೇಕಾಗುತ್ತೆ, ಹೊರಡೋ ಜಾಗ ಅದಕ್ಕೆ ಗೊತ್ತಾಗುತ್ತೆ. ಕೆಲವರು ಸೆಟ್ ಟೈಮ್‌ಔಟ್ 0 ಹಾಕ್ತಾರೆ, ಅದು ಒಮ್ಮೆ ಕೆಲಸ ಮಾಡುತ್ತೆ ಒಮ್ಮೆ ಮಾಡಲ್ಲ, ಭರವಸೆ ಇಡಬೇಡಿ.

ಮಾಯ ಆಗೋ ಕಡೆಯೂ ಇದೇ ತಪ್ಪು ತಲೆಕೆಳಗಾಗಿ ಇರುತ್ತೆ. ಒಪ್ಯಾಸಿಟಿ 0 ಮಾಡಿ ತಕ್ಷಣ ಡಿಸ್‌ಪ್ಲೇ ನನ್ ಮಾಡಿದ್ರೆ ಫೇಡ್ ಆಗೋಕೆ ಎಲಿಮೆಂಟೇ ಉಳಿದಿರಲ್ಲ. ಟ್ರಾನ್ಸಿಷನ್ ಎಂಡ್ ಈವೆಂಟ್ ಬರೋವರೆಗೆ ಕಾಯಬೇಕು. ಜಾಗ ಖಾಲಿ ಬಿದ್ದಿದ್ರೂ ಪರವಾಗಿಲ್ಲ ಅಂದ್ರೆ ಡಿಸ್‌ಪ್ಲೇ ಬದಲು ವಿಸಿಬಿಲಿಟಿ ಬಳಸಿ, ಅದನ್ನ ಒಪ್ಯಾಸಿಟಿ ಜೊತೆಗೇ ಟ್ರಾನ್ಸಿಷನ್‌ನಲ್ಲಿ ಸೇರಿಸಬಹುದು, ಫೇಡ್ ಮುಗಿಯೋವರೆಗೂ ಅದು ಕಾಣ್ತಾನೇ ಇರುತ್ತೆ. ಡಿಸ್‌ಪ್ಲೇ ನನ್ ಇಂದಲೇ ಟ್ರಾನ್ಸಿಷನ್ ಶುರು ಮಾಡೋಕೆ ಸ್ಟಾರ್ಟಿಂಗ್ ಸ್ಟೈಲ್ ಅನ್ನೋ ಹೊಸ ಸಿಎಸ್‌ಎಸ್ ನಿಯಮ 2023ರಲ್ಲಿ ಕ್ರೋಮ್ 117ರ ಜೊತೆ ಬಂತು, ಬೇರೆ ಬ್ರೌಸರ್‌ಗಳು ಆಮೇಲೆ ಸೇರ್ಕೊಂಡವು. ಚೆನ್ನಾಗಿದೆ, ಆದ್ರೆ ಹಳೇ ಫೋನ್ ಇಟ್ಕೊಂಡಿರೋರಿಗೆ ಟಪ್ ಅಂತಲೇ ಬರುತ್ತೆ ಅನ್ನೋದು ನೆನಪಿರಲಿ.

ಇಷ್ಟೂ ಸರಿ ಇದ್ದು ಒಬ್ಬರ ಮೆಷಿನ್ನಲ್ಲಿ ಮಾತ್ರ ಫೇಡ್ ಇಲ್ಲ ಅಂದ್ರೆ ಅವರ ಸಿಸ್ಟಮ್ ಸೆಟಿಂಗಲ್ಲಿ ಆನಿಮೇಷನ್ ಕಡಿಮೆ ಮಾಡಿ ಅನ್ನೋ ಆಯ್ಕೆ ಆನ್ ಇರಬಹುದು. ಎಷ್ಟೋ ಥೀಮ್, ಲೈಬ್ರರಿಗಳು ಅದನ್ನ ನೋಡಿ ಎಫೆಕ್ಟ್ ನಿಲ್ಲಿಸ್ತವೆ. ಇದು ದೋಷ ಅಲ್ಲ, ದಯವಿಟ್ಟು ಇದನ್ನ ರಿಪೇರಿ ಮಾಡೋಕೆ ಹೋಗಬೇಡಿ. ಚಲನೆ ನೋಡಿದ್ರೆ ತಲೆ ಸುತ್ತೋರು, ಹೊಟ್ಟೆ ತೊಳಸೋರು ಬೇಕಂತಲೇ ಹಾಕ್ಕೊಂಡಿರೋ ಸೆಟಿಂಗ್ ಅದು.

"ಸ್ವಲ್ಪ ಮಸುಕಾಗಿ ಬಂದು ಅಲ್ಲೇ ನಿಂತುಬಿಡುತ್ತೆ"

ಟೈಮರ್ ಇಟ್ಟು ಕೈಯಲ್ಲೇ ಬರೆದ ಸ್ಕ್ರಿಪ್ಟಲ್ಲಿ ಈ ಲಕ್ಷಣ ಕಂಡ್ರೆ ಕಾರಣ ಸಾಮಾನ್ಯವಾಗಿ ಇದೇ. ಎಲಿಮೆಂಟ್‌ನ ಸ್ಟೈಲಿಂದ ಓದಿದ ಒಪ್ಯಾಸಿಟಿ ಸಂಖ್ಯೆ ಅಲ್ಲ, ಸ್ಟ್ರಿಂಗ್. ಸ್ಟ್ರಿಂಗಿಗೆ 0.1 ಕೂಡಿಸಿದ್ರೆ ಜಾವಾಸ್ಕ್ರಿಪ್ಟ್ ಕೂಡಿಸಲ್ಲ, ಪಕ್ಕಕ್ಕೆ ಅಂಟಿಸುತ್ತೆ. ಮೊದಲ ಸಲ 0.1 ಆಯ್ತು, ಎರಡನೇ ಸಲ "0.10.1" ಆಯ್ತು, ಇಂಥ ಬೆಲೆ ಸಿಎಸ್‌ಎಸ್‌ಗೆ ಅರ್ಥ ಆಗಲ್ಲ, ಸದ್ದಿಲ್ಲದೆ ಬಿಟ್ಟಾಕುತ್ತೆ, ಅಕ್ಷರ 0.1ರಲ್ಲೇ ಉಳಿಯುತ್ತೆ.

ಇದಕ್ಕೆ ಒಂದು ಅಣ್ಣತಮ್ಮ ದೋಷ ಇದೆ. ಮಾಯ ಮಾಡೋವಾಗ ನಿಧಾನಕ್ಕೆ ಹೋಗದೆ ಒಂದೇ ಸಲ ಕಾಣೆಯಾದ್ರೆ ಅದು. ಬೆಲೆ ಸ್ಟೈಲ್‌ಶೀಟಲ್ಲಿದ್ದಾಗ ಎಲಿಮೆಂಟ್‌ನ ಸ್ವಂತ ಸ್ಟೈಲ್ ಖಾಲಿ ಇರುತ್ತೆ, ಖಾಲಿ ಸ್ಟ್ರಿಂಗಿಂದ 0.1 ಕಳೆದ್ರೆ -0.1, ಬ್ರೌಸರ್ ಅದನ್ನ 0 ಅಂತ ತಗೊಳ್ಳುತ್ತೆ. ಎರಡಕ್ಕೂ ಮದ್ದು ಒಂದೇ, ಗೆಟ್ ಕಂಪ್ಯೂಟೆಡ್ ಸ್ಟೈಲಿಂದ ಓದಿ ಪಾರ್ಸ್ ಫ್ಲೋಟ್ ಮಾಡಿ. ಅದಕ್ಕಿಂತ ಒಳ್ಳೇದು ಬೆಲೆಯನ್ನ ನಿಮ್ಮದೇ ವೇರಿಯಬಲ್‌ನಲ್ಲಿ ಸಂಖ್ಯೆಯಾಗಿ ಇಟ್ಕೊಂಡು ಎಲಿಮೆಂಟಿಗೆ ಬರೀ ಬರೆಯೋದು, ಅದರಿಂದ ಓದೋದೇ ಬೇಡ.

ಇನ್ನು ಅಕ್ಷರ ಸ್ಟೆಡಿಯಾಗಿ ಅರ್ಧ ಮಸುಕು ಇದ್ರೆ ಅದನ್ನ ಒಳಗಿಟ್ಕೊಂಡಿರೋ ಮೇಲಿನ ಎಲಿಮೆಂಟ್, ಅಂದ್ರೆ ತಂದೆಯನ್ನ ನೋಡಿ. ತಂದೆ 0.5, ಮಗು 0.5 ಇದ್ರೆ ಕಣ್ಣಿಗೆ ಕಾಣೋದು 0.25. ಮಗುವಿಗೆ 1 ಹಾಕಿದ್ರೂ ತಂದೆಯನ್ನ ಮೀರಿ ಗಾಢ ಆಗೋಕಾಗಲ್ಲ. ಹಿನ್ನೆಲೆ ಮಾತ್ರ ತಿಳಿ ಆಗಬೇಕು, ಅಕ್ಷರ ಗಟ್ಟಿಯಾಗಿರಬೇಕು ಅಂದ್ರೆ ಒಪ್ಯಾಸಿಟಿ ಬಿಟ್ಟು ಬಣ್ಣದಲ್ಲೇ ಆಲ್ಫಾ, ಅಂದ್ರೆ ಪಾರದರ್ಶಕತೆ, ಕೊಡಿ.

"ಒಂದೊಂದು ಮೆಷಿನ್ನಲ್ಲಿ ಒಂದೊಂದು ಸ್ಪೀಡು"

ರಿಕ್ವೆಸ್ಟ್ ಆನಿಮೇಷನ್ ಫ್ರೇಮ್ ಅನ್ನೋ ಜಾವಾಸ್ಕ್ರಿಪ್ಟ್ ಟೈಮರ್ ಸ್ಕ್ರೀನ್ ರಿಫ್ರೆಶ್ ಜೊತೆ ಓಡುತ್ತೆ. ಪ್ರತಿ ಫ್ರೇಮಿಗೆ 0.02 ಏರಿಸ್ತಾ ಹೋದ್ರೆ 50 ಫ್ರೇಮ್ ಬೇಕು, 60 ಹರ್ಟ್ಜ್ ಸ್ಕ್ರೀನಲ್ಲಿ ಅದು ಸುಮಾರು 0.83 ಸೆಕೆಂಡ್, 120 ಹರ್ಟ್ಜ್ ಫೋನಲ್ಲಿ 0.42. ಕೋಡ್ ಅದೇ, ಫೇಡ್ ಅರ್ಧ ಹೊತ್ತಲ್ಲಿ ಮುಗಿಯುತ್ತೆ. ಹೆಜ್ಜೆ ಎಣಿಸಬೇಡಿ, ಗಡಿಯಾರ ನೋಡಿ: ಶುರುವಾದ ಸಮಯ ಇಟ್ಕೊಳ್ಳಿ, ಈಗಿನ ಸಮಯದಿಂದ ಅದನ್ನ ಕಳೆದು ಒಟ್ಟು ಅವಧಿಯಿಂದ ಭಾಗಿಸಿ, 1 ದಾಟಿದ್ರೆ 1ಕ್ಕೆ ನಿಲ್ಲಿಸಿ. ಬಂದ ಸಂಖ್ಯೆಯೇ ಒಪ್ಯಾಸಿಟಿ.

ಬೇರೆ ಟ್ಯಾಬಿಗೆ ಹೋಗಿ ವಾಪಸ್ ಬಂದಾಗ ಗೊಂದಲ ಆಗ್ತಿದ್ರೆ ಅದೂ ಟೈಮರ್ ವಿಷಯ. ಹಿಂದೆ ಇರೋ ಟ್ಯಾಬಲ್ಲಿ ಆನಿಮೇಷನ್ ಫ್ರೇಮ್ ನಿಂತೇಹೋಗುತ್ತೆ, ಸೆಟ್ ಇಂಟರ್ವಲ್ ಸೆಕೆಂಡಿಗೆ ಒಂದು ಸಲಕ್ಕೆ ಇಳಿಯುತ್ತೆ, ಕ್ರೋಮ್ 88ರಿಂದ ಈಚೆಗೆ ಟ್ಯಾಬ್ ಐದು ನಿಮಿಷಕ್ಕಿಂತ ಜಾಸ್ತಿ ಮರೆಯಲ್ಲಿದ್ರೆ ಎಷ್ಟೋ ಸಲ ನಿಮಿಷಕ್ಕೆ ಒಂದು ಸಲಕ್ಕೆ ಇಳಿಯುತ್ತೆ. ವಾಕ್ಯ ಬದಲಾಯಿಸೋದು ಒಂದು ಟೈಮರಲ್ಲಿ, ಫೇಡ್ ಇನ್ನೊಂದರಲ್ಲಿ ಇದ್ರೆ ಎರಡರ ತಾಳ ತಪ್ಪುತ್ತೆ. ವಿಸಿಬಿಲಿಟಿ ಚೇಂಜ್ ಈವೆಂಟ್ ಕೇಳಿಸ್ಕೊಂಡು ಮರೆಗೆ ಹೋದಾಗ ನಿಲ್ಲಿಸಿ, ಬಂದಾಗ ಮೊದಲಿಂದ ಶುರು ಮಾಡಿ.

"ಮಿನುಗುತ್ತೆ, ಬಂದು ಹೋಗಿ ಬಂದು ಹೋಗಿ ಮಾಡುತ್ತೆ"

ಇಲ್ಲಿ ಸುರಕ್ಷತೆ ಮಾತು ಮೊದ್ಲು. ಸೆಕೆಂಡಿಗೆ 3ಕ್ಕಿಂತ ಹೆಚ್ಚು ಸಲ ಯಾವುದೂ ಮಿಂಚಬಾರದು ಅಂತ ವೆಬ್ ಪ್ರವೇಶ ಸೌಲಭ್ಯದ ಮಾರ್ಗಸೂಚಿ, ಅಂದ್ರೆ ಡಬ್ಲ್ಯೂಸಿಎಜಿ ಹೇಳುತ್ತೆ, ಕಾರಣ ಅಪಸ್ಮಾರ ಇರೋ ಕೆಲವರಿಗೆ ಮಿಂಚು ನೋಡಿ ಫಿಟ್ಸ್ ಬರಬಹುದು. ನಿಮ್ಮ ಪೇಜ್ ಜನ ನೋಡೋ ಜಾಗದಲ್ಲಿದ್ದು ಹೀಗೆ ಮಿಂಚ್ತಿದ್ರೆ ಕಾರಣ ಹುಡುಕೋ ಮುಂಚೆ ಎಫೆಕ್ಟ್ ತೆಗೆದುಹಾಕಿ.

ಕಾರಣ ಬಹುಪಾಲು ಎರಡು ಟೈಮರ್ ಜಗಳ. ಬಟನ್ ಎರಡು ಸಲ ಒತ್ತಿದ್ರು, ಒಂದು ಏರಿಸ್ತಿದೆ, ಇನ್ನೊಂದು ಇಳಿಸ್ತಿದೆ. ಹೊಸ ಟೈಮರ್ ಶುರು ಮಾಡೋ ಮುಂಚೆ ಹಳೇದನ್ನ ಕ್ಲಿಯರ್ ಮಾಡಲೇಬೇಕು, ಅದರ ನಂಬರನ್ನ ಫಂಕ್ಷನ್ ಹೊರಗೆ ಉಳಿಸಿಟ್ಟಿರಬೇಕು. ನಿಂತೇ ಹೋಗದ ಟೈಮರ್ ಇನ್ನೊಂದು ಕಾರಣ: ಬೆಲೆ 1ಕ್ಕೆ ಸರಿಸಮ ಆದಾಗ ನಿಲ್ಲಿಸು ಅಂತ ಬರೆದಿರ್ತೀರ, ಆದ್ರೆ 0.1ನ್ನ ಹತ್ತು ಸಲ ಕೂಡಿಸಿದ್ರೆ ಕಂಪ್ಯೂಟರಲ್ಲಿ ಬರೋದು 0.9999999999999999, ಸರಿಸಮ ಯಾವತ್ತೂ ಆಗಲ್ಲ. ಅಕ್ಷರ ಪೂರ್ತಿ ಕಾಣ್ತಿರೋದ್ರಿಂದ ನಿಮಗೆ ಗೊತ್ತೂ ಆಗಲ್ಲ, ಮಾಯ ಮಾಡೋಕೆ ಹೋದಾಗ ಆ ಹಳೇ ಟೈಮರ್ ಮತ್ತೆ ಮತ್ತೆ ಎಳೆದು ತರುತ್ತೆ. ಸರಿಸಮ ಬೇಡ, 1 ಅಥವಾ ಅದಕ್ಕಿಂತ ಜಾಸ್ತಿ ಅಂತ ಬರೀರಿ.

ಜೆಕ್ವೆರಿಯಲ್ಲಿ ಮೌಸ್ ಐದಾರು ಸಲ ಆಡಿಸಿದ್ರೆ, ಕೈ ತೆಗೆದ ಮೇಲೂ ಫೇಡ್ ನಡೀತಾನೇ ಇರುತ್ತೆ, ಯಾಕಂದ್ರೆ ಅದು ಎಲ್ಲವನ್ನೂ ಕ್ಯೂನಲ್ಲಿ ನಿಲ್ಲಿಸಿರುತ್ತೆ. ಪ್ರತಿ ಸಲ ಸ್ಟಾಪ್ ಟ್ರೂ ಕರೆದು, ಆಮೇಲೆ ಫೇಡ್ ಟು ಕರೀರಿ. ಜೆಕ್ವೆರಿ ಫೇಡ್ ಜಾಡ್ಯ ಹಿಡಿದ ಹಾಗೆ ಎಳೆದಾಡ್ತಾ ತಡವಾಗಿ ಮುಗೀತಿದ್ರೆ ಅದೇ ಎಲಿಮೆಂಟಿಗೆ ಸಿಎಸ್‌ಎಸ್ ಟ್ರಾನ್ಸಿಷನ್ ಕೂಡ ಇದೆ, ಒಂದನ್ನ ತೆಗೀರಿ. ನಾನಾದ್ರೆ ಸಿಎಸ್‌ಎಸ್ ಉಳಿಸ್ಕೊಳ್ತೀನಿ.

"ಮುಗಿದ ಮೇಲೆ ಹಾಳಾಗುತ್ತೆ"

ಎಲಿಮೆಂಟ್‌ನ ಆನಿಮೇಟ್ ಮೆಥಡ್ ಬಳಸಿ, ಮುಗಿದ ಕೂಡ್ಲೇ ಅಕ್ಷರ ಮೊದಲಿನ ಸ್ಥಿತಿಗೆ ಜಿಗಿದ್ರೆ ಅದರ ಸ್ವಭಾವವೇ ಹಾಗೆ, ಕೊನೇ ಬೆಲೆಯನ್ನ ಹಿಡಿದಿಟ್ಕೊಳ್ಳಲ್ಲ. ಫಿಲ್ ಫಾರ್ವರ್ಡ್ಸ್ ಕೊಟ್ರೆ ಹಿಡಿದಿಡುತ್ತೆ, ಆದ್ರೆ ಆಮೇಲೆ ಇನ್‌ಲೈನ್ ಸ್ಟೈಲ್ ಎಷ್ಟು ಬದಲಾಯಿಸಿದ್ರೂ ಬಿಟ್ಟುಕೊಡಲ್ಲ. ಅದಕ್ಕೆ ಕೊನೇ ಬೆಲೆಯನ್ನ ಸ್ಟೈಲಲ್ಲಿ ಮೊದ್ಲೇ ಬರೆದಿಟ್ಟು ಫಿಲ್ ಇಲ್ಲದೆ ಆನಿಮೇಟ್ ಮಾಡೋದು ಶುದ್ಧ ದಾರಿ.

ಮುಂದಿನ ವಾಕ್ಯ ಬರ್ತಾನೇ ಇಲ್ಲ, ಸರಪಳಿ ನಿಂತೋಗುತ್ತೆ ಅಂದ್ರೆ ಟ್ರಾನ್ಸಿಷನ್ ಎಂಡ್ ಬಂದಿಲ್ಲ. ಬೆಲೆ ಬದಲಾಗದೇ ಇದ್ರೆ, ನಡುವೆ ಎಲಿಮೆಂಟ್ ಡಿಸ್‌ಪ್ಲೇ ನನ್ ಆದ್ರೆ, ಆನಿಮೇಷನ್ ಕಡಿಮೆ ಮಾಡೋ ಸೆಟಿಂಗಿಗೆ ನೀವೇ ಟ್ರಾನ್ಸಿಷನ್ ತೆಗೆದಿದ್ರೆ, ಈ ಈವೆಂಟ್ ಬರೋದೇ ಇಲ್ಲ. ಜೊತೆಗೊಂದು ಟೈಮ್‌ಔಟ್ ಇಟ್ಟಿರಿ, ಯಾವುದು ಮೊದ್ಲು ಬರುತ್ತೋ ಅದರಿಂದ ಮುಂದೆ ಹೋಗಲಿ. ಉಲ್ಟಾ, ಎರಡೆರಡು ಸಲ ಬಂದ್ರೆ ಒಪ್ಯಾಸಿಟಿ ಜೊತೆ ಬೇರೆ ಪ್ರಾಪರ್ಟಿಯೂ ಬದಲಾಗ್ತಿದೆ, ಇಲ್ಲಾ ಒಳಗಿನ ಮಗುವಿನ ಈವೆಂಟ್ ಮೇಲೆ ಬರ್ತಿದೆ. ಯಾವ ಪ್ರಾಪರ್ಟಿ, ಯಾವ ಎಲಿಮೆಂಟ್ ಅಂತ ಪರೀಕ್ಷೆ ಮಾಡಿ ಬಿಡಿ.

ಫೇಡ್ ನಡೆಯೋವಾಗ ಮೆನು ಹಿಂದಕ್ಕೆ ಹೋಗುತ್ತೆ ಅಂತ ಕೆಲವರು ಹೇಳ್ತಾರೆ. ಒಪ್ಯಾಸಿಟಿ 1ಕ್ಕಿಂತ ಕಡಿಮೆ ಆದ ಕ್ಷಣ ಆ ಎಲಿಮೆಂಟ್ ತನ್ನದೇ ಪದರ ಕಟ್ಕೊಳ್ಳುತ್ತೆ, ಒಳಗಿರೋದರ ಜೆಡ್ ಇಂಡೆಕ್ಸ್ (ಯಾವುದು ಮೇಲೆ, ಯಾವುದು ಕೆಳಗೆ ಅನ್ನೋ ಸಂಖ್ಯೆ) ಹೊರಗಿನವರ ಜೊತೆ ಸ್ಪರ್ಧೆ ಮಾಡೋಕಾಗಲ್ಲ. ಮೆನುವನ್ನ ಫೇಡ್ ಆಗೋ ಡಬ್ಬದಿಂದ ಹೊರಗೆ ತನ್ನಿ. ವಾಕ್ಯ ಬದಲಾದಾಗ ಪೇಜ್ ಕುಣಿದ್ರೆ ಆ ಜಾಗಕ್ಕೆ ಕನಿಷ್ಠ ಎತ್ತರ ಕೊಟ್ರೆ ಸಾಕು.

"ಕನ್ನಡ ಅಕ್ಷರ ಒಡೆದು ಚೂರಾಗುತ್ತೆ"

ಅಕ್ಷರ ಅಕ್ಷರವಾಗಿ ಮೂಡೋ ಎಫೆಕ್ಟ್ ಇಂಗ್ಲಿಷಲ್ಲಿ ಚೆನ್ನಾಗಿ ಬಂದು ಕನ್ನಡದಲ್ಲಿ ಚುಕ್ಕಿ ವೃತ್ತ, ಅನಾಥ ಕೊಂಬು, ಒತ್ತು ಬೇರೆ ಅಕ್ಷರ ಬೇರೆ ಕಂಡ್ರೆ ಫಾಂಟ್ ಬೈಯ್ಯಬೇಡಿ. ಸ್ಪ್ಲಿಟ್ ಮಾಡಿದ ರೀತಿ ತಪ್ಪು. "ಅಕ್ಷರ" ಅನ್ನೋ ಪದ ನಮ್ಮ ಕಣ್ಣಿಗೆ ಮೂರು, ಯೂನಿಕೋಡಲ್ಲಿ ಐದು: ಅ, ಕ, ಹಲಂತ, ಷ, ರ. ಖಾಲಿ ಸ್ಟ್ರಿಂಗಿಂದ ಸ್ಪ್ಲಿಟ್ ಮಾಡಿದ್ರೆ ಐದು ಚೂರೂ ಬೇರೆ ಬೇರೆ ಸ್ಪ್ಯಾನಿಗೆ ಹೋಗ್ತವೆ, ಕ ಮತ್ತು ಷ ಕೂಡ್ಕೊಳ್ಳೋಕೆ ದಾರಿ ಇರಲ್ಲ.

ಇಂಟ್ಲ್ ಸೆಗ್ಮೆಂಟರ್ ಅಂತ ಜಾವಾಸ್ಕ್ರಿಪ್ಟಲ್ಲೇ ಇದೆ, ಗ್ರಾಫೀಮ್ (ಓದೋರಿಗೆ ಒಂದು ಅಕ್ಷರ ಅನ್ಸೋ ತುಂಡು) ಲೆಕ್ಕದಲ್ಲಿ ಒಡೆಯೋಕೆ ಹೇಳಿ. ಕಾಗುಣಿತ ಅದರಿಂದ ಸರಿಹೋಗುತ್ತೆ, ಒತ್ತಕ್ಷರ ಮಾತ್ರ ಆಮೇಲೂ ಒಡೀಬಹುದು. ಅದಕ್ಕೆ ಬಂದ ಪಟ್ಟಿ ಮೇಲೆ ಇನ್ನೊಂದು ಸುತ್ತು ಓಡಿಸಿ: ಒಂದು ಚೂರು ಹಲಂತದಲ್ಲಿ ಮುಗಿದ್ರೆ, ಯೂನಿಕೋಡಲ್ಲಿ ದಶಮಾನ ಲೆಕ್ಕದ 3277, ಅದನ್ನ ಮುಂದಿನ ಚೂರಿಗೆ ಸೇರಿಸಿ. ನನ್ನ ಸಲಹೆ ಕೇಳಿದ್ರೆ ಕನ್ನಡಕ್ಕೆ ಪದ ಪದವಾಗಿ ಫೇಡ್ ಮಾಡೋದೇ ಚೆಂದ, ಓದೋಕೂ ಹಿತ, ಒಡೆಯೋ ಭಯವೂ ಇಲ್ಲ, ಕಣ್ಣು ಕಾಣದವರಿಗೆ ಪೇಜ್ ಓದಿ ಹೇಳೋ ಸ್ಕ್ರೀನ್ ರೀಡರ್ ಕೂಡ ಚೂರು ಚೂರಾಗಿ ಓದಲ್ಲ.

"ಕಾಣ್ತಿಲ್ಲ, ಆದ್ರೆ ಕ್ಲಿಕ್ ಆಗುತ್ತೆ"

ಒಪ್ಯಾಸಿಟಿ 0 ಬರೀ ಕಣ್ಣಿಂದ ಮರೆ ಮಾಡುತ್ತೆ. ಲಿಂಕ್ ಒತ್ತಬಹುದು, ಟ್ಯಾಬ್ ಕೀ ಅಲ್ಲಿ ಹೋಗಿ ನಿಲ್ಲುತ್ತೆ, ಸ್ಕ್ರೀನ್ ರೀಡರ್ ಓದುತ್ತೆ. ಮಾಯ ಆಗಿ ಮುಗಿದ ಮೇಲೆ ವಿಸಿಬಿಲಿಟಿ ಹಿಡನ್ ಮಾಡಿದ್ರೆ ಮೂರೂ ನಿಲ್ಲುತ್ತೆ.

ಇಲ್ಲಿಂದ ಮುಂದೆ ಬೇರೆಯವರ ಸಹಾಯ

ಒಂದು ಖಾಲಿ ಫೈಲಲ್ಲಿ ಒಂದು ಪ್ಯಾರಾಗ್ರಾಫ್, ಅದೇ ಸಿಎಸ್‌ಎಸ್, ಅದೇ ಸ್ಕ್ರಿಪ್ಟ್ ಮಾತ್ರ ಇಟ್ಟು ನೋಡಿ. ಅಲ್ಲಿ ಫೇಡ್ ಆಗಿ ನಿಮ್ಮ ಪೇಜಲ್ಲಿ ಆಗದಿದ್ರೆ ದೋಷ ನಿಮ್ಮ ಎಫೆಕ್ಟಲ್ಲಿಲ್ಲ, ಸುತ್ತ ಇರೋದರಲ್ಲಿದೆ. ಪ್ಲಗಿನ್ ಇದ್ರೆ ಕಾಪಿ ಸೈಟಲ್ಲಿ ಒಂದೊಂದೇ ಆಫ್ ಮಾಡ್ತಾ ಬನ್ನಿ. ಕನ್ಸೋಲಲ್ಲಿ ಕಂಟೆಂಟ್ ಸೆಕ್ಯೂರಿಟಿ ಪಾಲಿಸಿ ಅಂತ ಸಾಲು ಬಂದ್ರೆ ಅಲ್ಲಿಗೆ ನಿಲ್ಲಿಸಿ, ಸರ್ವರ್ ನೋಡ್ಕೊಳ್ಳೋರು ಬೇಕಂತಲೇ ಹಾಕಿರೋ ಕಾವಲು ಅದು, ಒಂದು ಫೇಡ್‌ಗೋಸ್ಕರ ಅದನ್ನ ಸಡಿಲ ಮಾಡಿಸಬೇಡಿ, ಸ್ಕ್ರಿಪ್ಟನ್ನ ಬೇರೆ ಫೈಲಿಗೆ ಸರಿಸಿದ್ರೆ ಆಗುತ್ತಾ ಅಂತ ಅವರನ್ನೇ ಕೇಳಿ. ರಿಯಾಕ್ಟ್ ಥರದ ಫ್ರೇಮ್‌ವರ್ಕ್ ಎಲಿಮೆಂಟನ್ನ ತೆಗೆದು ಹೊಸದಾಗಿ ಕಟ್ತಿದ್ರೆ ನೀವು ಹಿಡಿದಿರೋ ಎಲಿಮೆಂಟ್ ಪೇಜಲ್ಲೇ ಇರಲ್ಲ, ಆ ಕೋಡ್ ಬರೆದವರ ಜೊತೆ ಕೂತೇ ನೋಡಬೇಕು. ಫೇಡ್ ಮಾಡೋ ವಾಕ್ಯ ಬೇರೆ ಜನ ಟೈಪ್ ಮಾಡಿದ್ದಾಗಿದ್ದು ನೀವು ಅದನ್ನ ಇನ್ನರ್ ಎಚ್‌ಟಿಎಂಎಲ್‌ಗೆ ಹಾಕ್ತಿದ್ರೆ ಫೇಡ್ ಬಿಟ್ಟು ಮೊದ್ಲು ಅದನ್ನ ಟೆಕ್ಸ್ಟ್ ಕಂಟೆಂಟಿಗೆ ಬದಲಾಯಿಸಿ, ಆ ದಾರಿಯಲ್ಲಿ ಬೇರೆಯವರ ಸ್ಕ್ರಿಪ್ಟ್ ನಿಮ್ಮ ಪೇಜಿಗೆ ನುಗ್ಗಬಹುದು.

ಸಹಾಯ ಕೇಳೋವಾಗ ಆ ಚಿಕ್ಕ ಫೈಲ್, ಕನ್ಸೋಲಿನ ಪೂರ್ತಿ ಕೆಂಪು ಸಾಲು, ಬ್ರೌಸರ್ ಹೆಸರು ಮತ್ತು ವರ್ಷನ್, ಫೋನೋ ಕಂಪ್ಯೂಟರೋ ಅನ್ನೋದು, ಕಂಪ್ಯೂಟೆಡ್ ಟ್ಯಾಬಲ್ಲಿ ಕಂಡ ಒಪ್ಯಾಸಿಟಿ ಬೆಲೆ, ಇಷ್ಟು ಜೊತೆಗೆ ಕಳಿಸಿ. ಪಾಸ್‌ವರ್ಡ್, ಎಪಿಐ ಕೀ ಕೋಡಲ್ಲಿದ್ರೆ ಕಳಿಸೋ ಮುಂಚೆ ತೆಗೀರಿ.